ಕೆಂಪು ತೋರಿಸಿದ ಮೇಲೆ

ನಮ್ಮೂರಲ್ಲಿ ಈಗ ರೈಲು ನಿಲ್ಲುವುದಿಲ್ಲ. ಆದರೂ ಊರು ರೈಲಿನದೇ. ಸೋಲಾಪುರದಿಂದ ಅಕ್ಕಲಕೋಟದ ಕಡೆ ಬರುವ ಹಳಿಯ ಪಕ್ಕದಲ್ಲಿ, ಹಿಂದೆ ಎಂಜಿನ್ನುಗಳಿಗೆ ನೀರು ತುಂಬಿಸುತ್ತಿದ್ದ ಜಾಗದಲ್ಲಿ, ಹಳಿ ಕಾಯುವವರ ಮನೆಗಳೇ ಬೆಳೆದು ಊರಾದದ್ದು. ಹೊಲದವರು ಆಮೇಲೆ ಬಂದರು, ಅಂಗಡಿಯವರು ಅವರ ಹಿಂದೆ ಬಂದರು. ಬೆಳಗಿನ ಪ್ಯಾಸೆಂಜರ್ ನಿಂತುಹೋಗಿ ಎಷ್ಟೋ ವರ್ಷವಾಯಿತು. ನನ್ನ ನೆಗೆಣ್ಣಿ ಇವತ್ತಿಗೂ "ಪ್ಯಾಸೆಂಜರ್ ಹೋಗೂದ್ರಾಗ ಬಂದ್ಬಿಡು" ಅನ್ನುತ್ತಾಳೆ, ನಾನೂ ಸರಿಯಾದ ಹೊತ್ತಿಗೇ ಹೋಗುತ್ತೇನೆ. ಇಲ್ಲದ ಆ ರೈಲು ಒಂದು ದಿನವೂ ತಡವಾಗಿಲ್ಲ.

ನನ್ನ ಗಂಡ ಇಲ್ಲಿಯ ಗೇಟ್‌ಮ್ಯಾನ್ ಆಗಿದ್ದರು. ಹೋದ ವರ್ಷ ದಸರೆಯ ಮುಂಚಿನ ಮಳೆಯ ದಿನಗಳಲ್ಲಿ ತೀರಿಕೊಂಡರು. ನಾನು ಊರಿನ ಕನ್ನಡ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಮಗ ಓದಿದ್ದು ಮರಾಠಿ. ಸೋಲಾಪುರದಲ್ಲಿ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಬಡಾವಣೆಯ ಟವೆಲ್ ನೇಯುವ ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಆದ್ದರಿಂದ ಇಲ್ಲಿ ನಾನು ಏನು ಬರೆದರೂ ಮನೆಯಲ್ಲಿ ಜಗಳವಾಗುವ ಭಯವಿಲ್ಲ.

ನಮ್ಮ ಊರು ಹಳಿಯ ಈ ಕಡೆ, ಸ್ಮಶಾನ ಆ ಕಡೆ. ನಡುವೆ ಗೇಟು. ಹಿಂದೆ ಯಾರಾದರೂ ಸತ್ತರೆ ಸಿದಿಗೆ ಗೇಟಿನ ಹತ್ತಿರ ಬರುತ್ತಿತ್ತು, ಇವರು ಸ್ಟೇಷನ್ನಿಗೆ ಫೋನು ತಿರುವಿ, ರೈಲು ಇಲ್ಲವೆಂದು ತಿಳಿದುಕೊಂಡು, ಗೇಟು ಎತ್ತುತ್ತಿದ್ದರು. ಒಮ್ಮೆ, ಹಳಿ ರಿಪೇರಿ ಮಾಡುತ್ತಲೇ ಮುದುಕನಾದ ಗ್ಯಾಂಗಿನ ಆಳೊಬ್ಬ ತೀರಿಕೊಂಡ. ಅವನ ಸಿದಿಗೆ ದಾಟುವಾಗ ಇವರು ಗುಡಿಸಲಿನ ಮುಂದೆ ನೆಟ್ಟಗೆ ನಿಂತು, ರೈಲಿಗೆ ತೋರಿಸುವ ಹಾಗೆ ಹಸಿರು ಝಂಡಿ ತೋರಿಸಿದರು. ಝಂಡಿ ಅಂದರೆ ಕೈಬಾವುಟ. "ಯಾಕ ತೋರಸಿದ್ರಿ?" ಎಂದು ನಾನು ಕೇಳಿದ್ದಕ್ಕೆ, "ನಾ ಎಲ್ಲಿ ತೋರಸ್ದೆ, ಕೈ ತಾನ ಎದ್ದತು" ಎಂದಿದ್ದರು.

ಅವರ ಕೈ ತಾನೇ ಎದ್ದದ್ದು ಊರಿಗೆ ಶಾಸ್ತ್ರವಾಯಿತು. ಮುಂದಿನ ಸಾವಿನಲ್ಲಿ ಆ ಮನೆಯವರು ಬಂದು, "ಅವರಿಗೆ ತೋರಸಿದ್ರಿ, ನಮ್ಮಪ್ಪ ಏನ ಪಾಪ ಮಾಡ್ಯಾನ?" ಎಂದು ಕೇಳಿದರು. ಅಲ್ಲಿಂದ ಮುಂದೆ ಎಲ್ಲರಿಗೂ ಹಸಿರು ಬೇಕಾಯಿತು. ಜೀವಮಾನದಲ್ಲಿ ರೈಲು ಹತ್ತದ ಅಂಗಡಿಯವರ ಅಜ್ಜಿಗೂ ಬೇಕಾಯಿತು. ಹಸಿರು ನೋಡದೆ ಹೋದವರು ಹಳಿಯ ಮೇಲೆಯೇ ಅಡ್ಡಾಡುತ್ತಿರುತ್ತಾರೆ ಎಂದು ಒಬ್ಬ ಮುದುಕಿ ಹೇಳಿದಳು. ಮರುದಿನ ಅದನ್ನೇ ಇನ್ನೊಬ್ಬ ಮುದುಕಿ ತನ್ನ ಕಣ್ಣಾರೆ ಕಂಡದ್ದಾಗಿ ಹೇಳಿದಳು. ಇವರು ಮೊದಮೊದಲು ನಾಚಿಕೊಂಡರು, ಆಮೇಲೆ ಒಪ್ಪಿಕೊಂಡರು. ಊಟಕ್ಕೆ ಕೂತಿದ್ದರೂ ಎದ್ದು ಹೋಗಿ ತೋರಿಸುತ್ತಿದ್ದರು. ಕೊನೆಯ ಮನುಷ್ಯ ಹಳಿ ದಾಟುವವರೆಗೆ ಕೈ ಇಳಿಸುತ್ತಿರಲಿಲ್ಲ. "ಕಡೀ ಡಬ್ಬಿ ದಾಟೂತನಕ ಗಾಡಿ ಹೋಗೇತಿ ಅನ್ನಬಾರದು" ಅನ್ನುವುದು ಅವರ ಮಾತು.

ನಿವೃತ್ತಿಯಾದಾಗ ಹರಿದದ್ದೆಂದು ಬಿಟ್ಟುಕೊಟ್ಟ ಒಂದು ಜೋಡಿ ಝಂಡಿಯನ್ನು, ಕೆಂಪು ಒಂದು ಹಸಿರು ಒಂದು, ತಗಡಿನ ಕೊಳವೆಯಲ್ಲಿಟ್ಟು ಮನೆಗೆ ತಂದರು. ನಾನು ಹರಿದ ಅಂಚು ಹೊಲಿದುಕೊಟ್ಟೆ. ಊರಿನ ಹೆಣಗಳಿಗೆ ಅಷ್ಟು ಸಾಕು.

ಮುಂದೆ ಗೇಟು ಮುಚ್ಚಿದರು. ಹಳಿಯ ಎರಡೂ ಕಡೆ ಬೇಲಿ ಬಂತು, ಹಳಿಯ ಕೆಳಗೆ ಸಿಮೆಂಟಿನ ದಾರಿ ಬಂತು. ಅದನ್ನು ನಾವು ಬೋಗದಾ ಅನ್ನುತ್ತೇವೆ. ಕಟ್ಟಿದ ಗುತ್ತಿಗೆದಾರ ಬಹಳ ಧರ್ಮವಂತನಿರಬೇಕು, ದಾರಿಯ ಜೊತೆಗೆ ಒಂದು ಕೆರೆಯನ್ನೂ ಕಟ್ಟಿಕೊಟ್ಟ. ಕುರನೂರಿನ ಅಣೆಕಟ್ಟು ತುಂಬದ ವರ್ಷವೂ ನಮ್ಮ ಬೋಗದಾ ತುಂಬುತ್ತದೆ. ಈಗ ರೈಲು ಮೇಲೆ ಹೋಗುತ್ತದೆ, ಹೆಣ ಕೆಳಗೆ ಹೋಗುತ್ತದೆ, ಇಬ್ಬರಿಗೂ ಭೇಟಿಯಿಲ್ಲ. ಹಸಿರು ತೋರಿಸುವ ಅಗತ್ಯವೇ ಇಲ್ಲ. ಅಗತ್ಯ ತಪ್ಪಿದ ಮೇಲೆ ಶಾಸ್ತ್ರ ಇನ್ನೂ ಗಟ್ಟಿಯಾಯಿತು. ಇವರು ಬೋಗದಾದ ಬಾಯಲ್ಲಿ ನಿಂತು ತೋರಿಸತೊಡಗಿದರು.

ಇವರು ತೀರಿಕೊಳ್ಳುವ ಎರಡು ವರ್ಷ ಮೊದಲು ಊರಿಗೆ ಪರಂಪರೆ ಬಂತು. ಅಂದರೆ ರೈಲ್ವೆ ಪರಂಪರೆ ಸಮಿತಿ ಬಂತು. ಅಧ್ಯಕ್ಷರಿಗೆ ಸೋಲಾಪುರದಲ್ಲಿ ಚಾದರದ ಅಂಗಡಿ. ಅವರ ಅಜ್ಜ ನಮ್ಮ ಸ್ಟೇಷನ್ನಿನ ಎದುರು ಬೆಲ್ಲ ಮಾರುತ್ತಿದ್ದರಂತೆ, ಪರಂಪರೆ ಅಲ್ಲಿಂದ. ಕಾರ್ಯದರ್ಶಿ ಅಕ್ಕಲಕೋಟದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹಳಿಯ ಮೇಲೆ ಕೆಲಸ ಮಾಡಿದವರು ಯಾರೂ ಸಮಿತಿಯಲ್ಲಿರಲಿಲ್ಲ. ಅವರು ಪರಂಪರೆಯ ಒಳಗೆ ಬರುವ ಸಾಮಾನು, ನಡೆಸುವವರಲ್ಲ. ಪಂಚಾಯತಿಯ ಪಕ್ಕದ ಕೋಣೆಗೆ ಸುಣ್ಣ ಹೊಡೆದು ಗಾಜಿನ ಕಪಾಟು ತಂದಿಟ್ಟರು. ಹೊರಗೆ ಪ್ಲೈವುಡ್ಡಿನ ಎಂಜಿನ್ ನಿಲ್ಲಿಸಿದರು. ಅದರ ಕಿಟಕಿಯಲ್ಲಿ ಮುಖವಿಟ್ಟು ಫೋಟೋ ತೆಗೆಸಿಕೊಳ್ಳಬೇಕು.

ಕಪಾಟಿಗೆ ಸಾಮಾನು ಬೇಡುತ್ತಾ ಮನೆಮನೆಗೆ ಬಂದರು. ನಮ್ಮ ಮನೆಗೂ ಬಂದರು. ಇವರು ಜೋಡಿ ಝಂಡಿ ಹಾಸಿ ತೋರಿಸಿದರು.

"ಹಸರ ಸಾಕ್ರಿ," ಎಂದರು ಅಧ್ಯಕ್ಷರು. "ಕೆಂಪ ಇಟ್ರ ಯೂನಿಯನ್ ಅನಸ್ತದ. ಉದ್ಘಾಟನಾ ಆಗೂ ಮಟ ಅಷ್ಟ. ಎರಡ ದಿನದಾಗ ತಂದ ಕೊಡ್ತೀವಿ."

"ಎರಡ ದಿನ ಯಾರೂ ಸಾಯಂಗಿಲ್ಲ ತಗೋರಿ," ಎಂದು ಇವರು ಕೊಟ್ಟರು. ಜೊತೆಗೆ ಸಮಿತಿಯವರು ನನ್ನ ಅಡುಗೆಮನೆಯಿಂದ ಹಳೆಯ ಎಣ್ಣೆಡಬ್ಬಿಯನ್ನೂ ಎತ್ತಿಕೊಂಡು ಹೋದರು. ಉದ್ಘಾಟನೆಯ ದಿನ ನೋಡಿದರೆ, ಶೇಂಗಾ ಎಣ್ಣೆ ಹಾಕಿಡುತ್ತಿದ್ದ ಆ ಡಬ್ಬಿಯ ಮುಂದೆ "ಉಗಿ ಎಂಜಿನ್ನಿನ ಎಣ್ಣೆಪಾತ್ರೆ, ಅತಿ ಪ್ರಾಚೀನ" ಎಂದು ಮರಾಠಿಯಲ್ಲಿ ಚೀಟಿ. ಇವರು ಚೀಟಿಯನ್ನು ಎರಡು ಸಲ ಓದಿದರು. ಮನೆಗೆ ಬಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ನಾ ಮೂವತ್ತ ವರ್ಷ ಎಂಜಿನ್ ಎಣ್ಣಿ ಪಲ್ಯಾ ತಿಂದೀನಿ," ಎಂದರು.

ಎರಡು ದಿನ ಎರಡು ವರ್ಷವಾಯಿತು. ನಡುವೆ ಊರಲ್ಲಿ ಸತ್ತವರಿಗೆ ಅಧ್ಯಕ್ಷರೇ ಸೋಲಾಪುರದಿಂದ ಬಂದು ಬೀಗ ತೆಗೆದು ಹಸಿರು ಕೊಡುತ್ತಿದ್ದರು, ಇವರು ತೋರಿಸಿದ ಮೇಲೆ ಮತ್ತೆ ಒಳಗಿಟ್ಟು ಬೀಗ ಹಾಕುತ್ತಿದ್ದರು. ಇವರಿಗೆ ಎದೆನೋವು ಶುರುವಾದ ಮೇಲೆ ಒಂದು ಸಂಜೆ ನನಗೆ ಹೇಳಿದರು: "ಹಸರ ಇಸಗೊಂಡ ಇಡು. ನಂದು ಬಂದಾಗ ಹುಡಕ್ಯಾಡಬ್ಯಾಡ್ರಿ."

ಮದುವೆಯಾದಾಗಿನಿಂದ ಇವರು ನನ್ನನ್ನು ಬಾಯಿಬಿಟ್ಟು ಬೇಡಿದ್ದು ಇದೊಂದೇ. ನಾನು ಸಮಿತಿಯವರನ್ನು ಎರಡು ಸಲ ಕೇಳಿದೆ. ಮೊದಲ ಸಲ, ಜಿಲ್ಲೆಯಿಂದ ದೊಡ್ಡವರು ನೋಡಲು ಬರುವವರಿದ್ದಾರೆ ಎಂದರು. ಎರಡನೆಯ ಸಲ, ಬಂದು ಹೋದರು ಆದರೆ ಮತ್ತೆ ಬರುವವರಿದ್ದಾರೆ ಎಂದರು. ಮೂರನೆಯ ಸಲ ನಾನು ಕೇಳಲಿಲ್ಲ. ಕೇಳಿದರೆ ಇವರು ಸಾಯುವುದನ್ನು ನಾನೇ ನೆನಪಿಸಿದ ಹಾಗಾಗುತ್ತದೆ ಅನ್ನಿಸಿತು. ಈಗಲೂ ಆ ಮೂರನೆಯ ಸಲವನ್ನು ದಿನಕ್ಕೊಮ್ಮೆ ಮನಸ್ಸಿನಲ್ಲಿ ಕೇಳುತ್ತೇನೆ.

ಇವರು ಹೋದದ್ದು ಬೆಳಗಿನ ಚಹಾದ ಹೊತ್ತಿಗೆ. ಬಸಿಯಲ್ಲಿ ಹಾಕಿದ ಚಹಾ ಅರ್ಧ ಕುಡಿದಿದ್ದರು. ಸೋಲಾಪುರದಿಂದ ಮಗ ಬಂದ, ಬಳಗ ಬಂತು. ಅಧ್ಯಕ್ಷರೂ ಬಂದರು, ತಮ್ಮ ಅಂಗಡಿಯ ಚಾದರವೊಂದನ್ನು ಮೇಲೆ ಹೊದಿಸಿದರು. ಚಾದರದ ಮೂಲೆಯಲ್ಲಿ ಅಂಗಡಿಯ ಹೆಸರಿನ ಚೀಟಿ ಹಾಗೆಯೇ ಇತ್ತು, ಅದು ಎಲ್ಲರಿಗೂ ಕಾಣುವ ಕಡೆಗೇ ಬಂದಿತ್ತು. ಕಾರ್ಯದರ್ಶಿ ನನ್ನ ಮಗನನ್ನು ಪಕ್ಕಕ್ಕೆ ಕರೆದು, ಸಿದಿಗೆಯನ್ನು ಪ್ಲೈವುಡ್ ಎಂಜಿನ್ನಿನ ಮುಂದೆ ಒಂದು ನಿಮಿಷ ನಿಲ್ಲಿಸಿದರೆ ಒಳ್ಳೆಯ ಫೋಟೋ ಬರುತ್ತದೆ ಎಂದರು. ಮಗ ಅವರ ಮುಖ ನೋಡಿದ ರೀತಿಗೆ ಫೋಟೋದ ಮಾತು ಅಲ್ಲಿಗೇ ನಿಂತಿತು.

ಹಸಿರು ತೋರಿಸುವ ಕೆಲಸ ಕೀಮನ್ ಮುದುಕನಿಗೆ ಬಿತ್ತು. ಹಳಿಯ ಉದ್ದಕ್ಕೂ ದಿನಾ ನಡೆದು ಸಡಿಲಾದ ಕೀಲುಗಳನ್ನು ಸುತ್ತಿಗೆಯಿಂದ ಬಡಿದು ಕೂಡಿಸುತ್ತಿದ್ದವನು, ಇವರ ಜೀವದ ಗೆಳೆಯ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಅದನ್ನು ಯಾರಿಗೂ ಹೇಳಿಕೊಂಡಿಲ್ಲ, ಯಾರಿಗೂ ಗೊತ್ತಿಲ್ಲವೆಂದೂ ಇಲ್ಲ. ಅವನು ಬಂದು, ಮೊಳೆಗೆ ತೂಗಿದ ತಗಡಿನ ಕೊಳವೆಯನ್ನು ಇಳಿಸಿ ಕಂಕುಳಲ್ಲಿಟ್ಟುಕೊಂಡು, ಯಾರಿಗೂ ಕಾಯದೆ ಬೋಗದಾದ ಕಡೆ ನಡೆದ. ಕೊಳವೆಯಲ್ಲಿ ಕೆಂಪು ಮಾತ್ರ ಇದೆ ಎನ್ನುವುದು ಆ ಗದ್ದಲದಲ್ಲಿ ನನಗೂ ನೆನಪಾಗಲಿಲ್ಲ.

ನನಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಉಡಿ ತುಂಬಿದರು. ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಜರಿ ಅಂಚಿನ ಒಂದು ಹಸಿರು ಕುಪ್ಪಸದ ಖಣ. ನಮ್ಮಲ್ಲಿ ಗಂಡ ಹೋಗುವಾಗ ಹೆಂಡತಿಯನ್ನು ಕೊನೆಯ ಸಲ ಹೀಗೆ ಸಿಂಗರಿಸುತ್ತಾರೆ, ಆಮೇಲೆ ಒಂದೊಂದಾಗಿ ತೆಗೆಯುತ್ತಾರೆ. ಹೆಂಗಸರು ಬೋಗದಾದ ಬಾಯಿಯವರೆಗೆ ಹೋಗಿ ಹಿಂದಿರುಗಬೇಕು, ಅಲ್ಲಿಂದ ಮುಂದೆ ಗಂಡಸರು. ಬಳೆ ಒಡೆಯುವುದೂ ಅಲ್ಲಿಯೇ.

ದಾರಿಯಲ್ಲಿ, ದೂರದಿಂದ ಮುದುಕ ನಿಂತದ್ದು ಕಂಡಿತು. ಕೊಳವೆಯ ಮುಚ್ಚಳ ತೆಗೆಯುತ್ತಿದ್ದ. ಆಗ ನೆನಪಾಯಿತು. ನಾನು ಕೂಗಿದೆ: "ಹಸರ ಇಲ್ಲ! ಅದರಾಗ ಹಸರ ಇಲ್ಲರೀ!"

ನನ್ನ ಎರಡೂ ಕಡೆ ತೋಳು ಹಿಡಿದಿದ್ದ ಹೆಂಗಸರು ಅದನ್ನು ಶೋಕವೆಂದು ತಿಳಿದು, "ಅಯ್ಯೋ ಇನ್ನ ಎಲ್ಲೀ ಹಸರವ್ವಾ, ನಿನ್ನ ಹಸರ ಹೋತಲ್ಲವ್ವಾ!" ಎಂದು ನನಗಿಂತ ಜೋರಾಗಿ ಎತ್ತಿಕೊಂಡರು. ನಾನು ಮತ್ತೆ ಕೂಗಿದೆ. ಅವರೂ ಬಿಟ್ಟುಕೊಡಲಿಲ್ಲ.

ಮುದುಕ ಕೈ ಚಾಚಿ, ನೆಟ್ಟಗೆ, ನಿಯಮ ಪ್ರಕಾರ, ಕೆಂಪು ಝಂಡಿ ತೋರಿಸಿದ.

ಸಿದಿಗೆ ನಿಂತಿತು.

ಬೇರೆ ಊರಲ್ಲಾಗಿದ್ದರೆ ಯಾರಾದರೂ ನಕ್ಕು ಮುಂದೆ ನಡೆಯುತ್ತಿದ್ದರು. ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಕೆಂಪಿನ ಅರ್ಥ ಗೊತ್ತು. ಹೊತ್ತ ನಾಲ್ವರ ಕಾಲು ಎತ್ತಿದ ಕಡೆಯೇ ಇಳಿಯಿತು. ಹಿಂದಿನ ಜನ ಒಬ್ಬರಿಗೊಬ್ಬರು ತಾಗಿ ನಿಂತರು, ಬ್ರೇಕು ಹಾಕಿದ ಮಾಲುಗಾಡಿಯ ಹಾಗೆ.

ಸೋಲಾಪುರದ ನನ್ನ ತಮ್ಮ, ಊರಿನ ನಿಯಮ ತಿಳಿಯದವನು, "ಚಲಾ ಚಲಾ, ಹೊತ್ತ ಆಗಾಕತ್ತೈತಿ," ಎಂದ.

"ಕೆಂಪ ಐತ್ರಿ," ಎಂದ ಮುಂದಿನ ಹೆಗಲಿನವನು.

"ಕಾಣತೈತಿ ಕೆಂಪ. ಮುದುಕ ತಪ್ಪಿ ತೋರಿಸ್ಯಾನ. ನಡೀರಿ."

"ತಪ್ಪಿ ತೋರಿಸಿದ್ರೂ ಕೆಂಪ ಕೆಂಪನ ಅಲ್ರೀ ಮಾಮಾ?"

ಮುದುಕನ ಮುಖದಲ್ಲಿ ಒಂದು ಕ್ಷಣ ಏನೋ ಹಾದುಹೋಯಿತು. ತಾನು ಹಿಡಿದದ್ದೇನು ಎಂದು ಅವನಿಗೆ ಜನರ ಮಾತಿನಿಂದ ತಿಳಿದದ್ದು. ಆದರೆ ನಲವತ್ತು ವರ್ಷ ತಪ್ಪಿಲ್ಲದೆ ಹಳಿ ಕಾಯ್ದವನು, ಗೆಳೆಯನ ಹೆಣದ ಮುಂದೆ ಹೇಗೆ ಒಪ್ಪಿಕೊಂಡಾನು? "ನಾ ತಪ್ಪಿಲ್ಲ," ಎಂದ. "ಮುಂದ ನೀರ ಐತಿ. ನೋಡೇ ತೋರಿಸೀನಿ."

"ಹಂಗಾರ ಈಗ ಸುತ್ತಿ ಒಳಗ ಇಡು, ನಡೀತೀವಿ," ಎಂದ ನನ್ನ ತಮ್ಮ.

"ಕೆಂಪ ಸುತ್ತಿಟ್ರ ಹಸರ ಆಗತೈತೇನೋ ಹುಚ್ಚಾ?" ಎಂದ ಮುದುಕ. "ಕೆಂಪ ತೋರಿಸಿದ ಮ್ಯಾಲ ಹಸರ ತೋರಿಸ್ಬೇಕು. ಅಲ್ಲೀತನಕ ಗಾಡಿ ಹಂದಾಡೂದಿಲ್ಲ."

ಜನ ತಲೆಯಾಡಿಸಿದರು. ಅದು ಸರಿಯಾದ ಮಾತೇ ಆಗಿತ್ತು. ಎಲ್ಲರೂ ಅಧ್ಯಕ್ಷರ ಕಡೆ ತಿರುಗಿದರು. ಅಧ್ಯಕ್ಷರು ಬಿಳಿ ಅಂಗಿಯ ಎರಡೂ ಜೇಬು ಮುಟ್ಟಿಕೊಂಡು, "ಕಪಾಟಿನ ಕೀಲಿಕೈ ಸೋಲಾಪುರದಾಗ ಐತ್ರಿ, ಅಂಗಡ್ಯಾಗ. ಗಡಿಬಿಡಿಯಾಗ ಬಂದೆ," ಎಂದರು.

"ಗಾಜ ಒಡೀರಿ," ಎಂದ ನನ್ನ ಮಗ.

"ಹಂಗ ಒಡ್ಯಾಕ ಬರೂದಿಲ್ಲಪಾ," ಎಂದರು ಕಾರ್ಯದರ್ಶಿ. "ಸಮಿತಿ ಠರಾವ ಪಾಸ್ ಮಾಡಬೇಕು."

"ಸಮಿತಿಯವ್ರ ಇಲ್ಲೇ ಅದಾರಲ್ಲ!"

ಅದೂ ನಿಜವಾಗಿತ್ತು. ಸದಸ್ಯರಲ್ಲಿ ಇಬ್ಬರು ಸಿದಿಗೆಗೇ ಹೆಗಲು ಕೊಟ್ಟಿದ್ದರು. ಸಿದಿಗೆಯನ್ನು ನಡುದಾರಿಯಲ್ಲಿ ಇಳಿಸಬಾರದು, ಹಾಗಾಗಿ ಸಭೆ ಹೊತ್ತುಕೊಂಡೇ ಶುರುವಾಯಿತು. ಕಾರ್ಯದರ್ಶಿ ವಿಷಯ ಮಂಡಿಸಿದರು. ಎಡಹೆಗಲಿನ ಸದಸ್ಯ ಅನುಮೋದಿಸಿದ. ಬಲಹೆಗಲಿನ ಸದಸ್ಯ, ಗಾಜು ಒಡೆದರೆ ಒಳಗಿನ ಅತಿ ಪ್ರಾಚೀನ ಎಣ್ಣೆಪಾತ್ರೆಗೆ ಪೆಟ್ಟಾದರೆ ಹೊಣೆ ಯಾರು ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು, ಆದರೆ ಅಂದು ನನ್ನನ್ನು ಯಾರೂ ಕೇಳುವ ಹಾಗಿರಲಿಲ್ಲ. ಚಾದರದ ಕೆಳಗೆ ಇವರು ಸುಮ್ಮನಿದ್ದರು. ಬದುಕಿದ್ದಾಗಲೂ ಸಭೆಗಳಲ್ಲಿ ಹೀಗೆಯೇ ಇರುತ್ತಿದ್ದರು.

ಅಷ್ಟರಲ್ಲಿ ಯಾರದೋ ಆಡುಗಳ ಹಿಂಡು ಹಿಂದಿನಿಂದ ಬಂದು, ಜನರ ಕಾಲ ಸಂದಿಯಲ್ಲಿ ನುಸುಳಿ, ಕೆಂಪು ಝಂಡಿಯ ಕೆಳಗೇ ಹಾದು, ಬೋಗದಾದ ನೀರಿನಲ್ಲಿ ಪಚಪಚ ನಡೆದು ಆ ಕಡೆ ಹೋಯಿತು.

"ನೋಡ್ರಿ, ಆಡ ಹೋದವು," ಎಂದ ನನ್ನ ತಮ್ಮ.

"ಆಡಿಗೆ ಸಾಲಿ ಎಲ್ಲೈತ್ರಿ?" ಎಂದಳು ನೆಗೆಣ್ಣಿ. ಶೋಕ ನಿಲ್ಲಿಸಿ ಅಷ್ಟು ಹೇಳಿ ಮತ್ತೆ ಶುರುಮಾಡಿದಳು.

ಆಮೇಲೆ ಮೇಲೆ ಮಾಲುಗಾಡಿ ಬಂತು. ಸಭೆ ತಾನಾಗಿಯೇ ನಿಂತಿತು. ರೈಲು ಹೋಗುವಾಗ ನಮ್ಮೂರಲ್ಲಿ ಯಾರೂ ಮಾತಾಡುವುದಿಲ್ಲ. ಮುದುಕ ಕಾಣದ ಕಣ್ಣಿನಿಂದ ಗಾಲಿಗಳ ಕಡೆ ನೋಡುತ್ತಾ ಕಿವಿಗೊಟ್ಟ. ಕೊನೆಯ ಡಬ್ಬಿಯಲ್ಲಿ ಗಾರ್ಡು ನಿಂತಿದ್ದ, ಅವನ ಕೈಯಲ್ಲಿ ಹಸಿರು ಝಂಡಿ.

"ಹಸರ! ಗಾರ್ಡ ಹಸರ ತೋರಸ್ದ! ನಡೀರಿ!" ಎಂದು ನನ್ನ ತಮ್ಮ ಕುಣಿದ.

"ಏ, ಅದು ಮ್ಯಾಲಿನ ಲೈನಿಂದು," ಎಂದ ಬಲಹೆಗಲಿನವನು. "ನಮ್ಮದು ತಳಗಿನ ಲೈನು."

ಯಾರೂ ಅಲುಗಲಿಲ್ಲ. ಯಾರೋ ಒಬ್ಬ ಮೋಟರ್‌ಸೈಕಲ್ ಮೇಲೆ ಸೋಲಾಪುರಕ್ಕೆ ಹೋಗಿ ಕೀಲಿಕೈ ತರುವುದೆಂದು ತೀರ್ಮಾನವಾಗತೊಡಗಿತು. ಹೋಗಿಬರಲು ಎರಡು ತಾಸು. ಬಿಸಿಲು ಏರುತ್ತಿತ್ತು. ಮಗ ತಂದೆಯ ತಲೆಯ ಹತ್ತಿರ ಬೆಂಕಿಯ ಮಡಕೆ ಹಿಡಿದು ನಿಂತಿದ್ದ, ಅವನ ಕೈ ಸೋತಿತ್ತು. ಊರಿನವರನ್ನೆಲ್ಲ ಒಂದು ನಿಮಿಷವೂ ತಡೆಯದೆ ದಾಟಿಸಿದ ಮನುಷ್ಯ, ತನ್ನ ಸರದಿಗೆ ಬೋಗದಾದ ಬಾಯಲ್ಲಿ ಸಿಕ್ಕಿಕೊಂಡಿದ್ದರು. ಅದಕ್ಕೆ ಕಾರಣ ಸಮಿತಿಯಲ್ಲ, ಮುದುಕನಲ್ಲ. ನಾನು ಮೂರನೆಯ ಸಲ ಕೇಳಲಿಲ್ಲ.

ಉಡಿಯಲ್ಲಿ ಕೈ ಹಾಕಿದೆ. ಅಕ್ಕಿ ನೆಲಕ್ಕೆ ಸುರಿಯಿತು. ಖಣ ತೆಗೆದು ಒಂದು ಮಡಿಕೆ ಬಿಚ್ಚಿದೆ. ತೋಳು ಹಿಡಿದಿದ್ದವರನ್ನು ಬಿಡಿಸಿಕೊಂಡು ಹೋಗಿ ಮುದುಕನ ಪಕ್ಕದಲ್ಲಿ ನಿಂತೆ. ಒಂದು ತುದಿ ಮುಷ್ಟಿಯಲ್ಲಿ ಹಿಡಿದು, ಕೈ ಭುಜದ ನೇರಕ್ಕೆ ಚಾಚಿ, ಅಲುಗಾಡಿಸದೆ ತೋರಿಸಿದೆ. ಹೇಗೆ ಹಿಡಿಯಬೇಕೆಂದು ನನಗೆ ಗೊತ್ತಿತ್ತು. ಮೂವತ್ತು ವರ್ಷ ಗೇಟಿನ ಗುಡಿಸಲಿಗೆ ಬುತ್ತಿ ಒಯ್ದವಳು ನಾನು.

"ಇದೇನಿದು, ಹೆಣ್ಮಕ್ಕಳು..." ಎಂದು ಕಾರ್ಯದರ್ಶಿ ಶುರುಮಾಡಿದರು.

ಮುದುಕ ನನ್ನ ಕಡೆ ತಿರುಗಿದ. "ವೈನಿ, ಏನ ಹಿಡಿದೀರಿ?"

ನಾನು ಕೈ ಇನ್ನಷ್ಟು ನೇರ ಮಾಡಿದೆ. ಅವನು ಜನರ ಕಡೆ ತಿರುಗಿ, ಜೀವಮಾನದಲ್ಲಿ ಮೊದಲ ಸಲ, ಎಲ್ಲರಿಗೂ ಕೇಳುವ ಹಾಗೆ ಕೇಳಿದ: "ನನಗ ಕಾಣೂದಿಲ್ಲ. ಬಣ್ಣ ಯಾವದ ಐತಿ ಹೇಳ್ರಪಾ."

"ಹಸರ," ಎಂದ ಮಗ. "ಹಸರ," ಎಂದರು ಹೊತ್ತವರು. ಹಿಂದಿನಿಂದ ಹೆಂಗಸರೂ ಹೇಳಿದರು.

ಮುದುಕ ತನ್ನ ಕೆಂಪನ್ನು ಇಳಿಸಿ ನಿಧಾನವಾಗಿ ಸುತ್ತಿದ. "ಆಲ್‌ರೈಟ್," ಎಂದ.

ಸಿದಿಗೆ ಹಂದಾಡಿತು. ನನ್ನ ಮುಂದಿನಿಂದಲೇ ಹಾದುಹೋಯಿತು. ಚಾದರದ ಚೀಟಿ ಅಲುಗುತ್ತಿತ್ತು. ಹೊತ್ತವರು ಮೊಣಕಾಲುದ್ದ ನೀರಿಗಿಳಿದರು. ಬೋಗದಾದ ಕತ್ತಲೆಗೆ ಇವರ ತಲೆ ಹೋಯಿತು, ಆಮೇಲೆ ಕಾಲು ಹೋಯಿತು. ಹಿಂದೆ ಜನ ಒಬ್ಬೊಬ್ಬರಾಗಿ ಇಳಿದರು.

"ಸಾಕ ಬಾರವ್ವಾ, ಕೈ ಇಳಸು," ಎಂದಳು ನೆಗೆಣ್ಣಿ. ಬಳೆ ಒಡೆಯುವ ಕಲ್ಲು ಹಿಡಿದು ಕಾಯುತ್ತಿದ್ದರು.

"ಇನ್ನೂ ಕಡೀ ಡಬ್ಬಿ ಹೋಗಿಲ್ಲ," ಎಂದೆ.

ಕೊನೆಗೆ ಉಳಿದವರು ಅಧ್ಯಕ್ಷರು. ಹೊಸ ಬೂಟು ಹಾಕಿಕೊಂಡು ನೀರಿನ ಅಂಚಿನಲ್ಲಿ ನಿಂತಿದ್ದರು. ಈ ಕಡೆ ನೋಡಿದರು, ಆ ಕಡೆ ನೋಡಿದರು. ಹಿಂದಿರುಗಿ ಹೋಗಲು ಒಂದು ಕಾರಣ ಹುಡುಕುತ್ತಿದ್ದರು ಅನ್ನಿಸಿತು. ಚಾಚಿದ ಕೈಯಲ್ಲಿ ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ನಾನು ಇಳಿಸಲಿಲ್ಲ.

"ಹೋಗ್ರಿ ಅಧ್ಯಕ್ಷರ," ಎಂದ ಮುದುಕ. "ನಿಮಗಾಗಿ ಲೈನ್ ಹಿಡಕೊಂಡ ನಿಂತಾಳ."

ಅವರು ಬೂಟು ಕಳಚಿ ಕೈಯಲ್ಲಿ ಹಿಡಿದು, ಧೋತರ ಎತ್ತಿಕೊಂಡು ನೀರಿಗಿಳಿದರು. ಆ ಕಡೆಯ ಬೆಳಕಿನಲ್ಲಿ ಅವರ ಬೆನ್ನು ಕಂಡು, ಏರಿ, ಮರೆಯಾಯಿತು.

ಆಮೇಲೆ ಕೈ ಇಳಿಸಿದೆ. ಹೆಂಗಸರು ಬಂದು ನನ್ನನ್ನು ಕೂಡಿಸಿದರು.

ಹದಿಮೂರು ದಿನವಾದ ಮೇಲೆ ಅಧ್ಯಕ್ಷರು ಹಸಿರು ಝಂಡಿಯನ್ನು ಅಂಗಡಿಯ ಚೀಲದಲ್ಲಿ ಹಾಕಿಕೊಂಡು ತಾವೇ ತಂದುಕೊಟ್ಟರು. ಎರಡು ದಿನಕ್ಕೆಂದು ಒಯ್ದದ್ದು ತಡವಾಯಿತು ಎಂದರು. ಬದಲಿಗೆ ಆ ಖಣ ಕಪಾಟಿಗೆ ಸಿಕ್ಕೀತೇ ಎಂದೂ ಕೇಳಿದರು, ಚೀಟಿ ಆಗಲೇ ಬರೆಸಿದ್ದರು. ಖಣ ನಾನು ಕೊಡಲಿಲ್ಲ. ಅದನ್ನು ಝಂಡಿಯ ಹಿಂದೆ ಅಸ್ತರಾಗಿ ಹೊಲಿದಿದ್ದೇನೆ. ಕತ್ತಲೆಯಿರಲಿ, ಕಣ್ಣಿಗೆ ಪೊರೆಯಿರಲಿ, ಬೆರಳಿಗೆ ಜರಿ ಅಂಚು ತಾಗುತ್ತದೆ, ಕೆಂಪು ಯಾವುದು ಹಸಿರು ಯಾವುದು ತಿಳಿಯುತ್ತದೆ. ಮುದುಕ ಬಂದು ಮುಟ್ಟಿ ನೋಡಿದ.

"ಚಲೋ ಆತು," ಎಂದ. "ಆದ್ರ ಇದರ ಗುರ್ತು ನನಗ ಯಾಕ ವೈನಿ? ನಂದು ಬಂದಾಗ ತೋರಸಾಕಿ ನೀವು."

ಕೊಳವೆ ಮೊಳೆಗೆ ತೂಗಿದೆ. ಎರಡೂ ಒಳಗಿವೆಯೇ ಎಂದು ಬೆಳಿಗ್ಗೆ ಚಹಾ ಕುಡಿದ ಮೇಲೆ ಒಮ್ಮೆ ಮುಚ್ಚಳ ತೆಗೆದು ನೋಡುತ್ತೇನೆ.